ಅಮ್ಮ ತೂಗಿದ ಮದ್ದು

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಒಲೆ ಉರಿಯುತ್ತಿರಲಿಲ್ಲ. ಬೆಳಿಗ್ಗೆಯೇ ಅಮ್ಮ ಚಿತ್ರಾನ್ನ ಕಲಸಿ, ಮೊಸರನ್ನಕ್ಕೆ ಒಗ್ಗರಣೆ ಹಾಕಿಟ್ಟು, ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಬೂದಿಯನ್ನು ಕಡ್ಡಿಯಿಂದ ಕೆದಕಿ ಒಂದು ಕಿಡಿಯೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ದೇವರ ಮುಂದಿನ ದೀಪವನ್ನೂ ಕೈಮುಗಿದು ಶಾಂತ ಮಾಡುತ್ತಿದ್ದಳು. ಅಪ್ಪ ತಮ್ಮ ಬೀಡಿ ಕಟ್ಟನ್ನು ಜಗಲಿಯ ಗೂಡಿನಲ್ಲಿಟ್ಟು ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಆಮೇಲೆ ನಡುಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಅಪ್ಪನ ರೈಫಲ್ಲಿನ ಖಾಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸ ಶುರುವಾಗುತ್ತಿತ್ತು.

ಯಲಹಂಕದ ಹಳೇ ಪೇಟೆಯಲ್ಲಿದ್ದ ಆ ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನಮ್ಮಜ್ಜಿ ಮತ್ತು ನಾನು. ಅಪ್ಪ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸದವರು. ಚೀನಾ ಯುದ್ಧ ಮುಗಿದ ಮೇಲೆ ಊರಲ್ಲೆಲ್ಲ ಬಂದೂಕು ಕಲಿಯುವ ಹುರುಪು ಹುಟ್ಟಿತ್ತು. ಹೆಬ್ಬಾಳದ ಆಚೆ ಒಂದು ಗುಡ್ಡದ ಬುಡದಲ್ಲಿ ನಡೆಯುತ್ತಿದ್ದ ರೈಫಲ್ ಕ್ಲಬ್ಬಿಗೆ ಅಪ್ಪ ಹೋಗತೊಡಗಿದ್ದು ಆಗಲೇ. ಬೇಟೆಯ ಗೀಳು ಅವರಿಗಿರಲಿಲ್ಲ. ಒಂದು ಗುಬ್ಬಿಯನ್ನೂ ಹೊಡೆದವರಲ್ಲ. ಕಾಗದದ ಮೇಲಿನ ಕಪ್ಪು ಚುಕ್ಕೆಗೆ ಗುಂಡು ತಾಗಬೇಕು, ಅಷ್ಟೇ ಅವರ ಆಸೆ. ಲೈಸೆನ್ಸು ಮಾಡಿಸಿ ಹಳೆಯ ರೈಫಲ್ಲೊಂದನ್ನು ತಂದರು. ಆದರೆ ಆ ದಿನಗಳಲ್ಲಿ ಪರದೇಶದ ತೋಟಾ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಮೇಲೆ ಗುಂಡು ಒತ್ತಿ ಮತ್ತೆ ಬಳಸುವುದನ್ನು ಕ್ಲಬ್ಬಿನಲ್ಲಿ ಕಲಿತರು. ಗುಂಡು ಒತ್ತುವ ಕೈಯಂತ್ರವನ್ನು ತಾವೇ ಮಾಡಿಕೊಂಡರು. ಅಪ್ಪನ ಕೈಯಲ್ಲಿ ಆಗದೇ ಹೋದದ್ದು ಒಂದೇ ಕೆಲಸ, ಮದ್ದು ತೂಗುವುದು. ಲೇತಿನ ಮುಂದೆ ಕಲ್ಲಿನಂತಿರುತ್ತಿದ್ದ ಆ ಕೈ ಸಣ್ಣ ತಕ್ಕಡಿಯ ಮುಂದೆ ಅಲುಗುತ್ತಿತ್ತು.

ಅಮ್ಮ ಚಿನಿವಾರರ ಮಗಳು. ಅವಳಪ್ಪ ಆಭರಣ ಮಾಡುವಾಗ ಪಕ್ಕದಲ್ಲಿ ಕೂತು ಗುಲಗಂಜಿ ಇಟ್ಟು ಚಿನ್ನ ತೂಗಿ ಬೆಳೆದವಳು. ತವರಿನಿಂದ ಅವಳು ತಂದಿದ್ದ ಪುಟ್ಟ ತಕ್ಕಡಿಯ ತಟ್ಟೆಗಳು ನನ್ನ ಅಂಗೈಯಲ್ಲಿ ಹಿಡಿಸುವಷ್ಟಿದ್ದವು. ಒಂದು ಭಾನುವಾರ ಅಪ್ಪ ಮದ್ದು ಚೆಲ್ಲಿ ಚೆಲ್ಲಿ ಬೇಸತ್ತು ಕೂತಿದ್ದಾಗ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ ಕೂತಳಂತೆ. ಅವತ್ತಿನಿಂದ ಮದ್ದು ಅಮ್ಮನದು, ಗುಂಡು ಅಪ್ಪನದು. ಕ್ಲಬ್ಬಿನಲ್ಲಿ ಮಾತ್ರ ಎಲ್ಲವನ್ನೂ ತಾವೇ ತುಂಬುವುದಾಗಿ ಅಪ್ಪ ಹೇಳಿಕೊಂಡಿದ್ದರು. ಅಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವಳು ಒಂದು ಮಾತೂ ಆಡಿರಲಿಲ್ಲ.

ನನಗೆ ಹತ್ತು ತುಂಬಿದಾಗ ನನಗೂ ಒಂದು ಕೆಲಸ ಕೊಟ್ಟರು. ಮರದ ಹಲಗೆಯಲ್ಲಿ ಹತ್ತರಂತೆ ಐದು ಸಾಲು ತೂತುಗಳಿದ್ದವು. ಅವುಗಳಲ್ಲಿ ನಿಲ್ಲಿಸಿದ ಕೊಳವೆಗಳಿಗೆ ಅಮ್ಮ ಒಂದೊಂದಾಗಿ ಮದ್ದು ಸುರಿದ ಮೇಲೆ, ನಾನು ಬ್ಯಾಟರಿಯ ಬೆಳಕು ಬಿಟ್ಟು ಪ್ರತಿಯೊಂದರೊಳಗೂ ಬಗ್ಗಿ ನೋಡಬೇಕು. ಗುರಿ ಅಭ್ಯಾಸದ ತೋಟಾಕ್ಕೆ ಮದ್ದು ಕಡಿಮೆ, ಕೊಳವೆಯ ಅರ್ಧಕ್ಕೂ ಬರುವುದಿಲ್ಲ. ಅಪಾಯವಿದ್ದದ್ದೇ ಅಲ್ಲಿ. ತುಂಬಿದ್ದಕ್ಕೇ ಮರೆತು ಇನ್ನೊಂದು ಸಲ ಸುರಿದರೂ ಅದು ಹಿಡಿಸಿಬಿಡುತ್ತದೆ, ಹೊರಗೆ ಚೆಲ್ಲುವುದಿಲ್ಲ. ಅಂಥದ್ದನ್ನು ಹಾರಿಸಿದರೆ ರೈಫಲ್ಲು ಮುಖದ ಹತ್ತಿರವೇ ಒಡೆಯುತ್ತದೆ. ಅಪ್ಪ ಇದನ್ನು ನನಗೆ ಒಂದೇ ಒಂದು ಸಲ ಹೇಳಿದ್ದರು, ತಮ್ಮ ಬಲಗಣ್ಣಿನ ಮೇಲೆ ಬೆರಳಿಟ್ಟು. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕಿದ್ದರೆ ನಾನು "ನೋಡ್ದೆ" ಅನ್ನಬೇಕು. ನಾನು ಅಂದ ಮೇಲೆಯೇ ಅಪ್ಪ ಗುಂಡು ಒತ್ತಲು ಶುರು ಮಾಡುತ್ತಿದ್ದರು. ಒಮ್ಮೆ ಗುಂಡು ಕೂತಿತೆಂದರೆ ಒಳಗೇನಿದೆಯೆಂದು ಯಾರಿಗೂ ಕಾಣದು.

ಇಡೀ ವ್ಯವಹಾರವನ್ನು ಕಂಡರೆ ಆಗದಿದ್ದವಳು ಅಜ್ಜಿ. ರಾಜಾನುಕುಂಟೆಯಲ್ಲಿ ಹುಟ್ಟಿ ಬೆಳೆದವಳು, ಮಾತೆಲ್ಲ ಅಲ್ಲಿಯದೇ. ಅವಳ ಪಾಲಿಗೆ ನಡುಹಗಲಲ್ಲಿ ಒಲೆ ಆರಿದ ಮನೆಯೆಂದರೆ ಸಾವಾದ ಮನೆ.

"ಇಂಗೆ ಒಲೆ ತಣ್ಣಗಿಟ್ರೆ ನೋಡ್ದೋರು ಮನೇಲಿ ಎಣ ಬಿದ್ದೈತೆ ಅಂತ ತಿಳ್ಕೊಂತಾರೆ ಕಣ್ಲಾ," ಎಂದು ಅಪ್ಪನಿಗೆ ಕೇಳುವಂತೆ ಹಿತ್ತಲಿನಿಂದ ಹೇಳುತ್ತಿದ್ದಳು.

ಅಜ್ಜಿ ಆ ಭಾನುವಾರಗಳಲ್ಲಿ ಚಿತ್ರಾನ್ನ ಮುಟ್ಟದೆ, ಒಣ ಅವಲಕ್ಕಿಗೆ ಬೆಲ್ಲ ಹಾಕಿಕೊಂಡು ಬೇವಿನ ಮರದ ಕೆಳಗೆ ಬೆನ್ನು ಹಾಕಿ ಕೂತು ತಿನ್ನುತ್ತಿದ್ದಳು.

ನಾನು ಹೇಳಬೇಕೆಂದಿರುವ ಭಾನುವಾರ, ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಕೋಣೆಯಲ್ಲಿ ಕೆಲಸ ನಡೆದಿತ್ತು. ಅಮ್ಮ ಮೊದಲ ಸಾಲು ಮುಗಿಸಿ ಎರಡನೇ ಸಾಲಿಗೆ ಬಂದಿರಬೇಕು, ಆಗ ಬೀದಿಬಾಗಿಲಲ್ಲಿ ಅಜ್ಜಿಯ ಅಣ್ಣ ಬಂದು ನಿಂತರು. ಬಿಸಿಲಲ್ಲಿ ನಡೆದು ಬಂದ ಮುದುಕ, ಕೈಯಲ್ಲೊಂದು ಹಲಸಿನ ಹಣ್ಣಿನ ಹೋಳು. ಅಜ್ಜಿಗೆ ಅಣ್ಣನನ್ನು ಕಂಡು ಆದ ಸಂತೋಷಕ್ಕಿಂತ ಅವರಿಗೊಂದು ಲೋಟ ಕಾಫಿ ಕೊಡಲಾಗದ ಅವಮಾನವೇ ದೊಡ್ಡದಾಯಿತು. ಅವಳು ನೇರ ಅಡುಗೆಮನೆಗೆ ಹೋದಳು. ಒಲೆಗೆ ತೆಂಗಿನ ಗರಿ ತುರುಕಿದ ಸದ್ದು ನಮಗೆ ಕೇಳಿತು. ಆಮೇಲೆ ಬೆಂಕಿಕಡ್ಡಿ ಗೀರಿದ ಸದ್ದು.

ಅಪ್ಪ ಎದ್ದು ಓಡಿದ ರಭಸಕ್ಕೆ ಮಣೆ ಮಗುಚಿತು.

"ಅವ್ವಾ! ಬಿಸಾಕು ಅದನ್ನ! ಮನೆಗೆ ಬೆಂಕಿ ಹಾಕ್ಬೇಕು ಅಂತಿದೀಯಾ?"

"ನಮ್ಮಣ್ಣ ಬಂದವ್ನೆ. ಒಂದ್ಲೋಟ ಕಾಪಿ ಕಾಸಕ್ಕೂ ನಿನ್ ಅಪ್ಪಣೆ ಬೇಕೇನ್ಲಾ?"

ಅಪ್ಪ ಅವಳ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡರು. ಹಿಂದೆಂದೂ ಅವರು ಅಜ್ಜಿಯ ಮೈಮುಟ್ಟಿ ಏನನ್ನೂ ಕಿತ್ತುಕೊಂಡವರಲ್ಲ. ಅಜ್ಜಿ ಗೋಡೆಗೆ ಒರಗಿ ಅಳತೊಡಗಿದಳು. ಮುದುಕ ಹಲಸಿನ ಹೋಳನ್ನು ಜಗಲಿಯ ಮೇಲಿಟ್ಟು, ನೀರನ್ನೂ ಕುಡಿಯದೆ, ಬಂದ ದಾರಿಯಲ್ಲೇ ಹೊರಟುಹೋದರು. ಅಮ್ಮ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು ಬಾಗಿಲವರೆಗೆ ಹೋಗಿ, ಯಾರ ಪರವಾಗಿಯೂ ಮಾತಾಡಲಾಗದೆ ವಾಪಸು ಬಂದು ಕೂತಳು. ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ ಮತ್ತೆ ತೂಗಲು ಶುರು ಮಾಡಿದಳು. ಅಪ್ಪ ಬಂದು ಮಣೆ ಸರಿಮಾಡಿಕೊಂಡು ಕೂತರು. ಐದೂ ಸಾಲು ಮುಗಿದಾಗ ನನ್ನ ಕೈಗೆ ಬ್ಯಾಟರಿ ಬಂತು. ಗೋಡೆಯಾಚೆ ಅಜ್ಜಿ ಇನ್ನೂ ಬಿಕ್ಕುತ್ತಿದ್ದಳು. ನಾನು ಬ್ಯಾಟರಿ ಹಚ್ಚಿದ್ದು ನಿಜ, ಸಾಲುಗಳ ಮೇಲೆ ಬೆಳಕು ಆಡಿಸಿದ್ದೂ ನಿಜ. ನನ್ನ ಕಣ್ಣು ಮಾತ್ರ ಬಾಗಿಲ ಕಡೆಗಿತ್ತು.

"ನೋಡಿದ್ಯೇನೇ?" ಅಪ್ಪನ ದನಿಯಲ್ಲಿ ಜಗಳದ ಬಿಸಿ ಇನ್ನೂ ಇತ್ತು.

"ನೋಡ್ದೆ," ಅಂದೆ.

ಮುಂದಿನ ಆರು ದಿನ ನಾನು ಹೇಗೆ ಕಳೆದೆನೋ. ಐವತ್ತು ತೋಟಾಗಳನ್ನು ಅಪ್ಪ ಬಿಸ್ಕತ್ತಿನ ಡಬ್ಬಿಯೊಂದರಲ್ಲಿಟ್ಟು ಬೀರುವಿನ ಮೇಲೆ ಇಟ್ಟಿದ್ದರು. ಮುಚ್ಚಳದ ಮೇಲೆ ಕೆಂಪು ಗುಲಾಬಿಯ ಚಿತ್ರ. ಶಾಲೆಗೆ ಹೊರಡುವಾಗ, ಶಾಲೆಯಿಂದ ಬಂದಾಗ, ತಲೆ ಬಾಚಿಸಿಕೊಳ್ಳಲು ಕೂತಾಗ ಆ ಗುಲಾಬಿಯೇ ಕಣ್ಣಿಗೆ ಬೀಳುತ್ತಿತ್ತು. ಹೇಳಿಬಿಡೋಣವೆಂದು ಬುಧವಾರ ಅಪ್ಪನ ಹತ್ತಿರ ಹೋದೆ. ಅವರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಲೆಯೆತ್ತಿ "ಏನಮ್ಮಾ ಪದ್ದಿ?" ಎಂದರು. ಆ ಪ್ರೀತಿಯ ಕರೆ ಕೇಳಿ, ಏನಿಲ್ಲವೆಂದು ತಲೆಯಾಡಿಸಿ ಒಳಗೆ ಓಡಿದೆ. ಏನೂ ಆಗಿರಲಾರದು, ಅಮ್ಮನ ಕೈ ತಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡಷ್ಟೂ ಅಪ್ಪ ತಮ್ಮ ಬಲಗಣ್ಣಿನ ಮೇಲೆ ಬೆರಳಿಟ್ಟದ್ದೇ ಕಣ್ಣೆದುರು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ರೈಫಲ್ಲನ್ನು ಕ್ಯಾನ್ವಾಸ್ ಚೀಲಕ್ಕೆ ಹಾಕಿ, ಡಬ್ಬಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಹೊರಟರು. ಅವರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಜಗಲಿಯಲ್ಲಿ ನಿಂತಿದ್ದೆ. ಆಮೇಲೆ ಅಡುಗೆಮನೆಗೆ ಹೋದೆ. ಅಮ್ಮ ಕಾವಲಿಯ ಮೇಲೆ ದೋಸೆ ಹುಯ್ದಿದ್ದಳು.

"ಅಮ್ಮಾ, ಆವತ್ತು ನಾನು ನೋಡ್ಲಿಲ್ಲ."

"ಏನನ್ನ?"

"ಮದ್ದನ್ನ. ನೋಡ್ದೆ ಅಂತ ಸುಳ್ಳು ಹೇಳ್ದೆ."

ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಮ್ಮ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಎದುರಿಗೆ ಹಲಗೆಯಿದೆಯೇನೋ ಎಂಬಂತೆ ಒಂದೊಂದೇ ತೂತನ್ನು ಎಣಿಸುತ್ತಿದ್ದಳು. ಎರಡನೇ ಸಾಲಿನ ನಡುವೆ ಬೆರಳು ನಿಂತಿತು.

"ಎದ್ದು ಹೋದಾಗ ಐದಾಗಿತ್ತು. ಬಂದು ಕೂತಾಗ ಆರನೇದಕ್ಕೆ ಹಾಕಿದ್ನೋ, ಐದನೇದಕ್ಕೇ ಹಾಕಿದ್ನೋ," ಅಂದಳು. ಆಮೇಲೆ, "ಚಪ್ಪಲಿ ಹಾಕ್ಕೋ."

ದೋಸೆ ಕಾವಲಿಯ ಮೇಲೆಯೇ ಉಳಿಯಿತು. ಏನಾಯಿತೆಂದು ಅಜ್ಜಿ ಕೂಗುತ್ತಿದ್ದಂತೆಯೇ ನಾವು ಬೀದಿಗಿಳಿದಿದ್ದೆವು. ಅಪ್ಪ ಕ್ಲಬ್ಬು ಮುಟ್ಟಲು ಮುಕ್ಕಾಲು ಗಂಟೆ ಬೇಕು, ಬಸ್ಸು ಸಿಕ್ಕರೆ ನಾವು ಅವರಿಗಿಂತ ಮುಂಚೆಯೇ ಹೋಗಬಹುದಿತ್ತು. ಬಸ್ಸೇನೋ ಸಿಕ್ಕಿತು. ಆದರೆ ಸ್ವಲ್ಪ ದೂರದಲ್ಲೇ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಬಂದು, ಗೇಟಿಗೆ ಅಡ್ಡವಾಗಿ ನಿಂತು, ಹಿಂದಕ್ಕೊಮ್ಮೆ ಸರಿದು, ಮತ್ತೆ ನಿಂತಿತು. ಡ್ರೈವರು ಇಂಜಿನ್ ಆರಿಸಿ ಕೆಳಗಿಳಿದ. ಅಮ್ಮ ಬಸ್ಸಿನ ಕಂಬಿ ಹಿಡಿದು ನಿಂತೇ ಇದ್ದಳು, ಸೀಟು ಖಾಲಿಯಿದ್ದರೂ ಕೂರಲಿಲ್ಲ. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಹೆಬ್ಬಾಳ ದಾಟಿ ಇಳಿದಾಗ ಕ್ಲಬ್ಬಿನ ದಾರಿ ನಮ್ಮಿಬ್ಬರಿಗೂ ಗೊತ್ತಿಲ್ಲವೆಂಬುದು ಹೊಳೆಯಿತು. ದ್ರಾಕ್ಷಿ ತೋಟದ ಬೇಲಿಯ ಹತ್ತಿರ ಗುದ್ದಲಿ ಹಿಡಿದಿದ್ದ ಒಬ್ಬರನ್ನು ಅಮ್ಮ ಕೇಳಿದಳು.

"ಇಂಗೇ ಬದಿನ ಮೇಲ್ ಓಗಿ ತಾಯಿ. ಅಲ್ಲಿ ಕೆಂಪ್ ಬಾವುಟ ಆರಾಡ್ತೈತಲ್ಲ, ಅಲ್ಲೇಯ. ಬಾವುಟ ಏರ್ಸವ್ರೆ ಅಂದ್ರೆ ಒಡೀತಾವ್ರೆ, ಅತ್ರ ಓಗ್ಬ್ಯಾಡಿ."

ಅವರ ಮಾತು ಮುಗಿಯುವ ಮೊದಲೇ ಗುಡ್ಡದ ಕಡೆಯಿಂದ ಗುಂಡಿನ ಸದ್ದು ಬಂತು. ಮತ್ತೊಂದು. ಮತ್ತೆರಡು. ಅಮ್ಮ ಸೀರೆಯ ನೆರಿಗೆ ಎತ್ತಿಕಟ್ಟಿ ಬದುವಿನ ಮೇಲೆ ಓಡಿದಳು. ನಾನು ಹಿಂದೆ. ಪ್ರತಿ ಸದ್ದಿಗೂ ಅವಳು ಒಂದು ಕ್ಷಣ ನಿಂತು ಕೇಳುತ್ತಿದ್ದಳು, ಮತ್ತೆ ಓಡುತ್ತಿದ್ದಳು.

"ಒಂದೇ ಥರ ಇದೆ. ಸದ್ದು ಎಲ್ಲಾ ಒಂದೇ ಥರ ಇದೆ. ನಡಿ," ಎಂದು ತನಗೇ ಹೇಳಿಕೊಳ್ಳುತ್ತಿದ್ದಳು.

ತಂತಿಬೇಲಿಯ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. ಹೆಂಗಸರು ಒಳಗೆ ಹೋಗುವಂತಿಲ್ಲ, ಗುಂಡು ಹಾರುವಾಗ ಯಾರೂ ಹೋಗುವಂತಿಲ್ಲ. ಬೇಲಿಯಾಚೆ ಎಂಟು ಜನ ಚಾಪೆಗಳ ಮೇಲೆ ಬೋರಲು ಮಲಗಿದ್ದರು. ಎಡಗಡೆಯಿಂದ ಮೂರನೆಯವರು ಅಪ್ಪ, ಅವರ ಖಾಕಿ ಷರಟನ್ನು ನಾನು ಗುರುತು ಹಿಡಿದೆ. ಅವರು ಬೋಲ್ಟು ಎಳೆದು, ತೋಟಾ ಹಾಕಿ, ಕೆನ್ನೆಯನ್ನು ರೈಫಲ್ಲಿಗೆ ಒತ್ತಿಕೊಳ್ಳುತ್ತಿದ್ದರು. ನಮ್ಮಮ್ಮನ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಪಕ್ಕದಲ್ಲಿದ್ದ ನನಗೆ ಕಣ್ಸನ್ನೆ ಮಾಡಿ ನನ್ನಿಂದ ಹೇಳಿಸುತ್ತಿದ್ದವಳು ಅವಳು. ಆ ಅಮ್ಮ ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದಳು.

"ನಂಜುಂಡಾಚಾರೀ! ಹೊಡೀಬೇಡಿ!"

ಎಂಟೂ ತಲೆಗಳು ತಿರುಗಿದವು. ಹಿಂದೆ ನಿಂತಿದ್ದ ಎತ್ತರದ ಮನುಷ್ಯರೊಬ್ಬರು ಕೈಯೆತ್ತಿ ಏನೋ ಆಜ್ಞೆ ಕೊಟ್ಟರು. ಅವರು ಸೈನ್ಯದಿಂದ ನಿವೃತ್ತರಾಗಿ ಕ್ಲಬ್ಬು ನೋಡಿಕೊಳ್ಳುತ್ತಿದ್ದವರು, ಎಲ್ಲರೂ ಸುಬೇದಾರ್ರು ಎಂದೇ ಕರೆಯುತ್ತಿದ್ದರು. ಎಲ್ಲರೂ ಬೋಲ್ಟು ಎಳೆದರು. ಅಪ್ಪನ ರೈಫಲ್ಲಿನಿಂದ ಒಂದು ತೋಟಾ ಹೊರಬಂದು ಚಾಪೆಯ ಮೇಲೆ ಬಿತ್ತು. ಅವರು ಅದನ್ನೆತ್ತಿ ಡಬ್ಬಿಗೆ ಹಾಕಿ, ಡಬ್ಬಿ ಹಿಡಿದುಕೊಂಡೇ ನಮ್ಮ ಕಡೆ ನಡೆದು ಬಂದರು. ಅವರ ಕಿವಿ ಕೆಂಪಾಗಿತ್ತು.

"ಏನಾಯ್ತು? ಅವ್ವಂಗೇನಾದ್ರೂ..."

"ಆ ತೋಟಾದಲ್ಲಿ ಒಂದಕ್ಕೆ ಎರಡು ಸಲ ಮದ್ದು ಬಿದ್ದಿರ್ಬೋದು."

ಅಷ್ಟರಲ್ಲಿ ಸುಬೇದಾರ್ರೂ ಉಳಿದವರೂ ಹತ್ತಿರ ಬಂದಿದ್ದರು. ಅಪ್ಪ ಅವರ ಕಡೆ ತಿರುಗಿ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

"ಏನಿಲ್ಲ ಸಾರ್. ಹೆಂಗಸ್ರ ಭಯ. ತುಂಬಿರೋನು ನಾನು, ಇವಳಿಗೇನ್ ಗೊತ್ತು."

ಅಮ್ಮ ಅಪ್ಪನ ಮುಖ ನೋಡಿದಳು. ಆಮೇಲೆ ಸುಬೇದಾರ್ರ ಕಡೆ ತಿರುಗಿ, ಸೆರಗನ್ನು ಭುಜದ ಮೇಲೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು.

"ಮದ್ದು ತೂಗಿರೋಳು ನಾನು. ಎರಡನೇ ಸಾಲಲ್ಲಿ ಐದಾದ್ಮೇಲೆ ಎದ್ದೋಗಿದ್ದೆ. ಬಂದು ಎಲ್ಲಿಂದ ಶುರು ಮಾಡ್ದೆ ಅಂತ ನಂಗೆ ನೆನಪಿಲ್ಲ."

ಸುಬೇದಾರ್ರು ಅಮ್ಮನನ್ನೂ ಅಪ್ಪನನ್ನೂ ನೋಡಿ, ಡಬ್ಬಿಯ ಮುಚ್ಚಳವನ್ನು ತಾವೇ ಹಾಕಿ ಅಪ್ಪನ ಕೈಗೆ ಕೊಟ್ಟರು.

"ಆಚಾರ್ರೇ, ಇವತ್ತು ನೀವು ಇನ್ನೊಂದು ಗುಂಡೂ ಹಾರಿಸೋದು ಬೇಡ. ಮನೆಗೆ ಹೋಗಿ ಎಲ್ಲಾ ಬಿಚ್ಚಿ ನೋಡಿ."

ಅಪ್ಪ ಸೈಕಲ್ ಹತ್ತಿ ನಮ್ಮನ್ನು ತಿರುಗಿಯೂ ನೋಡದೆ ಹೊರಟರು. ನಾವು ಬಸ್ಸಿನಲ್ಲಿ ಬಂದೆವು. ಮನೆಗೆ ಬಂದಾಗ ಅಪ್ಪ ಆಗಲೇ ಕೋಣೆಯಲ್ಲಿ ಡಬ್ಬಿ ತೆರೆದುಕೊಂಡು ಕೂತಿದ್ದರು. ಅಮ್ಮ ಒಲೆಗೆ ನೀರು ಸುರಿದಳು. ಅಜ್ಜಿ ಈ ಸಲ ನಮ್ಮ ಮೂವರ ಮುಖ ನೋಡಿ, ತಾನೇ ಹೋಗಿ ದೇವರ ದೀಪವನ್ನು ಶಾಂತ ಮಾಡಿ, ಬಾಗಿಲ ಹೊರಗೆ ಕೂತಳು.

ಇಪ್ಪತ್ತೊಂಬತ್ತು ತೋಟಾ ಉಳಿದಿದ್ದವು. ಅಪ್ಪ ಒಂದೊಂದರ ಗುಂಡನ್ನು ಮೆಲ್ಲಗೆ ಎಳೆದು ತೆಗೆದು ಕೊಡುತ್ತಿದ್ದರು, ಅಮ್ಮ ಒಳಗಿದ್ದ ಮದ್ದನ್ನು ತಟ್ಟೆಗೆ ಸುರಿದು ತೂಗುತ್ತಿದ್ದಳು. ತಕ್ಕಡಿಯ ಮುಳ್ಳು ಪ್ರತಿ ಸಲವೂ ನಡುವಿಗೇ ಬಂದು ನಿಲ್ಲುತ್ತಿತ್ತು. ಹತ್ತಾಯಿತು, ಹದಿನೈದಾಯಿತು. ಅಪ್ಪನ ಮುಖದಲ್ಲಿ ಗೆದ್ದವರ ಕಳೆ ಬರತೊಡಗಿತು. ನಾನಂತೂ ಯಾವುದೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹದಿನೆಂಟನೆಯದನ್ನು ಅಮ್ಮ ಸುರಿದಾಗ ಮದ್ದು ನಿಲ್ಲದೆ ಬರುತ್ತಲೇ ಇತ್ತು. ತಟ್ಟೆ ಟಕ್ಕೆಂದು ಕೆಳಗೆ ಕೂತಿತು. ಅಮ್ಮ ಎದುರಿನ ತಟ್ಟೆಗೆ ಇನ್ನೊಂದು ಪಾಲು ತೂಕ ಹಾಕಿದಳು. ಮುಳ್ಳು ಮೆಲ್ಲಗೆ ನಡುವಿಗೆ ಬಂತು. ಸರಿಯಾಗಿ ಎರಡು ಪಾಲು.

ಬೋಲ್ಟು ಎಳೆದಾಗ ರೈಫಲ್ಲಿನಿಂದ ಹೊರಬಿದ್ದ ತೋಟಾ ಅದೇ ಆಗಿತ್ತೋ, ಡಬ್ಬಿಯೊಳಗಿದ್ದ ಬೇರೆ ಯಾವುದೋ, ನಮಗೆ ತಿಳಿಯಲಿಲ್ಲ. ಉಳಿದ ಹನ್ನೊಂದನ್ನೂ ಅಪ್ಪ ಬಿಚ್ಚಿ ಕೊಟ್ಟರು, ಅವೆಲ್ಲ ಸರಿಯಾಗಿದ್ದವು. ಮುಗಿದ ಮೇಲೆ ನಾನೇ ಅವರ ಮುಂದೆ ಹೋಗಿ ನಿಂತು, ನೋಡದೆಯೇ ನೋಡಿದೆ ಅಂದಿದ್ದನ್ನು ಹೇಳಿದೆ. ಅವರ ಕೈ ಮೇಲಕ್ಕೆದ್ದಿತು. ಎದ್ದ ಕೈಯನ್ನೇ ಒಂದು ಗಳಿಗೆ ನೋಡಿ, ಕೆಳಗಿಳಿಸಿ, ಎದ್ದು ಹಿತ್ತಲಿಗೆ ಹೋದರು. ಒಗೆಯುವ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದರು.

ನಾಲ್ಕು ದಿನ ಅಪ್ಪ ಮನೆಯಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ನಮ್ಮ ಮೇಲಿನ ಸಿಟ್ಟು ಅಂದುಕೊಂಡಿದ್ದೆ. ಅದು ನಾಚಿಕೆಯೆಂದು ತಿಳಿಯಲು ನಾನೂ ದೊಡ್ಡವಳಾಗಬೇಕಾಯಿತು. ಐದನೆಯ ದಿನ ಸಂಜೆ ಕೆಲಸದಿಂದ ಬಂದವರು ರಾಜಾನುಕುಂಟೆಗೆ ಹೋಗಿ ಸೋದರಮಾವನ ಕಾಲಿಗೆ ಬಿದ್ದು ಬಂದಿದ್ದಾಗಿ ಅಜ್ಜಿಗೆ ಹೇಳಿದರು. ಆಮೇಲೆ ಅಮ್ಮನ ಎದುರು ಕೂತರು.

"ನಿಲ್ಸೋಣ್ವಾ ಇದನ್ನ? ನೀನ್ ಹೇಗ್ ಹೇಳ್ತೀಯೋ ಹಾಗೆ."

"ನಿಲ್ಸೋದು ಬೇಡ. ನಿಮ್ಗೆ ಅದೊಂದೇ ಸಂತೋಷ. ಆದ್ರೆ ನಾನ್ ತೂಗೋವಾಗ ಮನೇಲಿ ಯಾರೂ ಜೋರಾಗಿ ಮಾತಾಡ್ಬಾರ್ದು, ನೀವೂನೂ."

"ಆಯ್ತು. ನೋಡೋದು? ನಾನೇ ನೋಡ್ಲಾ?"

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು.

"ಸುಳ್ಳು ಹೇಳಿದ್ದೂ ಅವಳೇ, ಬಂದು ನಿಜ ಹೇಳಿದ್ದೂ ಅವಳೇ. ಅವಳೇ ನೋಡ್ಲಿ."

ಆ ಮಾತು ನನ್ನ ಬೆನ್ನಿಗೆ ಬಿದ್ದ ಏಟೂ ಹೌದು, ತಲೆಯ ಮೇಲಿಟ್ಟ ಕೈಯೂ ಹೌದು. ಮುಂದೆ ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ನನ್ನ ನಿಧಾನಕ್ಕೆ ಕಿಟಕಿಯಾಚೆಯ ಜನ ಗೊಣಗುತ್ತಿದ್ದರು. ಚೀಟಿಯನ್ನು ಎರಡು ಸಲ ಓದದೆ ನಾನು ಯಾರ ಕೈಗೂ ಒಂದು ಗುಳಿಗೆಯನ್ನೂ ಕೊಟ್ಟವಳಲ್ಲ.

ತೋಟಾ ಬಿಚ್ಚಿ ನೋಡಿದ ಆ ಭಾನುವಾರವಾಗಿ ಒಂದು ತಿಂಗಳಿರಬಹುದು, ಸುಬೇದಾರ್ರು ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದರು. ಅಪ್ಪ ಕ್ಲಬ್ಬಿನಲ್ಲಿ ಎಲ್ಲರೆದುರು ನಿಜ ಹೇಳಿದ್ದರಂತೆ. ಅಜ್ಜಿ ಓಡಿಹೋಗಿ ಒಲೆ ಹಚ್ಚಿ ಕಾಫಿ ಕಾಸಿದಳು. ಸುಬೇದಾರ್ರು ಕುಡಿದು, ಲೋಟ ಕೆಳಗಿಟ್ಟು, ಚೀಲದಿಂದ ಒಂದು ಗಂಟು ತೆಗೆದು ಜಗಲಿಯ ಮೇಲಿಟ್ಟರು. ಒಳಗೆ ಅವರ ಖಾಲಿ ತೋಟಾಗಳು ಕಿಣಿಕಿಣಿಯೆಂದವು.

"ತಂಗ್ಯವ್ವಾ, ಹದಿನೆಂಟು ವರ್ಷ ಸೈನ್ಯದಲ್ಲಿದ್ದೆ. ನಿಮ್ಮಂಥ ಕೈ ನೋಡ್ಲಿಲ್ಲ. ತಪ್ಪಾಯ್ತು ಅಂತ ಓಡಿ ಬಂದು ಹೇಳೋರನ್ನಂತೂ ನೋಡೇ ಇಲ್ಲ. ನಂದೂ ಒಂದಿಷ್ಟು ತೂಗಿಕೊಡ್ತೀರಾ?"

ಅಪ್ಪ ಹೆಮ್ಮೆಯಿಂದ ಅಮ್ಮನ ಕಡೆ ನೋಡಿದರು. ಅಮ್ಮ ಗಂಟನ್ನು ಮುಟ್ಟಲಿಲ್ಲ.

"ಬೇಡಣ್ಣ. ಬೇಜಾರ್ ಮಾಡ್ಕೋಬೇಡಿ. ಇವರದು ಮಾತ್ರ ತೂಗ್ತೀನಿ."

ಸುಬೇದಾರ್ರು ಒತ್ತಾಯ ಮಾಡಲಿಲ್ಲ. ಕೈಮುಗಿದು ಗಂಟು ಎತ್ತಿಕೊಂಡು ಹೊರಟರು. ಅವರು ಹೋದ ಮೇಲೆ ಅಪ್ಪನಿಗೆ ತಡೆಯಲಾಗಲಿಲ್ಲ.

"ಒಪ್ಕೊಂಡಿದ್ರೆ ಏನಾಗ್ತಿತ್ತು? ಅಷ್ಟು ದೊಡ್ಡೋರು ಮನೆ ಬಾಗಿಲಿಗೆ ಬಂದು ಕೇಳಿದ್ರು."

"ಭಾನುವಾರ ನೀವು ಕ್ಲಬ್ಬಿಗೆ ಹೋಗಿ ವಾಪಸ್ ಬರೋವರೆಗೂ ನಂಗೆ ಒಂದು ತುತ್ತೂ ಗಂಟಲಲ್ಲಿ ಇಳಿಯಲ್ಲ. ಮೊದಲ್ನೇ ದಿನದಿಂದ ಹಾಗೇ. ಇನ್ನು ಅವರು ಮನೆ ಸೇರೋವರೆಗೂ ನಾನೇ ಉಪವಾಸ ಕೂತ್ಕೊಳ್ಲಾ?"

ಅಮ್ಮ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಅಪ್ಪ ಕಂಬ ಹಿಡಿದು ನಿಂತೇ ಇದ್ದರು. ಅವರಿಗದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದ ನನಗೂ ಗೊತ್ತಿರಲಿಲ್ಲ.

ಆಮೇಲೂ ಅಪ್ಪ ಎಷ್ಟೋ ವರ್ಷ ಕ್ಲಬ್ಬಿಗೆ ಹೋದರು. ಆದರೆ ವಾಪಸು ಬರುವಾಗ ಬೀದಿಯ ತಿರುವಿನಿಂದಲೇ ಸೈಕಲ್ಲಿನ ಬೆಲ್ಲು ಬಿಡದೆ ಬಾರಿಸುತ್ತಿದ್ದರು. ಅಕ್ಕಪಕ್ಕದವರು ಆಚಾರ್ರಿಗೆ ಗುರಿ ಚೆನ್ನಾಗಿ ಬಿದ್ದಿದೆ ಅಂದುಕೊಳ್ಳುತ್ತಿದ್ದರು. ಒಳಗೆ ಅಮ್ಮ ಆ ಸದ್ದು ಕೇಳಿ, ಕೈ ತೊಳೆದು, ತನ್ನ ತಟ್ಟೆಗೆ ಬಡಿಸಿಕೊಳ್ಳುತ್ತಿದ್ದಳು.